ಹೆರಳಿನ ಸಾಲಿನಿಂದ ಎದ್ದುಹೋದ ಹುಡುಗಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಿರೇಕೆರೂರು ತಾಲೂಕಿನಲ್ಲಿ ಪ್ಯಾರಾಮೆಡಿಕಲ್ ವರ್ಕರ್ ಆಗಿದ್ದೆ. ಶಾಲೆ, ಹಾಸ್ಟೆಲ್‌ಗಳಿಗೆ ಹೋಗಿ ಮಕ್ಕಳ ಮೈಮೇಲಿನ ಮಚ್ಚೆಗಳನ್ನು ನೋಡುವುದು, ಕುಷ್ಠದ ಸಂಶಯ ಬಂದರೆ ಡಾಕ್ಟರರ ಬಳಿ ಕಳಿಸುವುದು ನನ್ನ ಕೆಲಸ. ಕೊಡೆ, ಬುತ್ತಿ, ಹತ್ತಿಯ ಡಬ್ಬಿ ಇಷ್ಟು ಚೀಲದಲ್ಲಿದ್ದರೆ ದಿನದ ತಿರುಗಾಟ ಸಾಗುತ್ತಿತ್ತು.

ಒಂದು ಭಾನುವಾರ ಹಂಸಭಾವಿ ಕಡೆಯ ಹೆಣ್ಣುಮಕ್ಕಳ ಹಾಸ್ಟೆಲ್‌ನಿಂದ ಕರೆ ಬಂತು. ಹತ್ತನೆಯ ತರಗತಿಯ ಶಾಂತವ್ವನ ಕುತ್ತಿಗೆಯ ಮೇಲೆ ಬಿಳಿ ಮಚ್ಚೆ ಎದ್ದಿತ್ತು. ಸರಿಯಾಗಿ ಊಟವಿಲ್ಲ, ಯಾರ ಜೊತೆಗೂ ಮಾತಿಲ್ಲ. ಅವಳನ್ನು ಕರೆದೊಯ್ಯಲು ಮಾಸೂರಿನಿಂದ ಅಪ್ಪ ಬಂದು ಕೂತಿದ್ದರು. ಸಂಜೆಯ ಬಸ್ಸಿಗೆ ಹೊರಟರೆ ಪರೀಕ್ಷೆಯೂ ಇಲ್ಲ, ಮುಂದೆ ಶಾಲೆಯೂ ಇಲ್ಲ.

“ಹುಡುಗ್ಯಾರು ಆಕೀನ್ನ ದೂರ ಮಾಡ್ಯಾರ್ರಿ. ನಿನ್ನೆ ಎಲ್ಲಾರ್ನೂ ನಿಲ್ಲಿಸಿ ಬೈದೇನಿ,” ಎಂದರು ಮೇಟ್ರನ್.

ಅಲ್ಲಿ ದಿನಾ ಬೆಳಿಗ್ಗೆ ಹುಡುಗಿಯರು ಕಟ್ಟೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತು, ಮುಂದಿನವಳ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದರು. ಶಾಂತವ್ವನ ಮುಂದೆ ಯಾವಾಗಲೂ ಅವಳ ಗೆಳತಿ, ಸವಣೂರಿನ ಹಸೀನಾ. ನಾನು ಹೋದಾಗ ಹಸೀನಾ ಸಾಲಿನ ಆಚೆ, ಕೂದಲು ಬಿಚ್ಚಿಕೊಂಡು ಕಂಬಕ್ಕೆ ಆತು ಕೂತಿದ್ದಳು. ಶಾಂತವ್ವ ಒಳಗೆ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಮುಖ ಮಾಡಿದ್ದಳು.

ಸೆನ್ಸೇಶನ್ ಟೆಸ್ಟ್ ಮಾಡಿದೆ; ಕುಷ್ಠದ ಮಚ್ಚೆಯಾದರೆ ಮುಟ್ಟಿದ್ದು ತಿಳಿಯುವುದಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟುವುದು, ಮುಟ್ಟಿದಲ್ಲಿ ಬೆರಳಿಡಲು ಹೇಳುವುದು, ಅಷ್ಟೇ. ಪ್ರತಿ ಸಲವೂ ಸರಿಯಾದ ಜಾಗಕ್ಕೇ ಬೆರಳಿಟ್ಟಳು. ನೋಡಿದರೆ ತೊನ್ನು. ಚರ್ಮದ ಬಣ್ಣ ಹೋಗುತ್ತದೆ, ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ.

“ಇದು ಕುಷ್ಠ ಅಲ್ಲವ್ವಾ,” ಎಂದೆ. ಮುಖ ಅರಳೀತು ಅಂದುಕೊಂಡಿದ್ದೆ, ಅರಳಲಿಲ್ಲ. ಇನ್ನಷ್ಟು ತಿಳಿಸಿ ಹೇಳಲು ಹೊರಟವಳು ತಡೆದು ಕೇಳಿದೆ: “ಏನಂತ ಹೆದರೀದಿ?”

“ಹಸೀನಾನ ತೆಲಿ ಮುಟ್ಟೂ ಮುಂದ ಅಂಜಿಕಿ ಬರ್ತೈತ್ರಿ. ಆಕಿಗೂ ಹತ್ತಿದ್ರ ಆಕಿ ಅವ್ವಗ ನಾ ಏನ್ ಹೇಳ್ಲಿ?”

ಅವಳನ್ನು ಯಾರೂ ಎಬ್ಬಿಸಿರಲಿಲ್ಲ. ಸಾಲಿನಿಂದ ಅವಳೇ ಎದ್ದುಹೋಗಿದ್ದಳು. ಹಸೀನಾಳನ್ನು ಒಳಗೆ ಕರೆದೆ. ಅವಳು ಮುಖ ಊದಿಸಿಕೊಂಡೇ ಬಂದಳು. ಶಾಂತವ್ವನ ಅಂಜಿಕೆಯನ್ನು ಅವಳಿಗೆ ಹೇಳಿ, ಇದು ಹತ್ತುವುದಿಲ್ಲ ಎಂದು ಇಬ್ಬರಿಗೂ ತಿಳಿಸಿದೆ.

“ಸುಮ್ಮಸುಮ್ಮನ ಬೈಸ್ಕೊಂಡೇನ್ರಿ ನಾ. ನನ್ನ ಕೂದ್ಲ ನಾರ್ತಾವಂತ ಈಕಿ ಬಿಟ್ಟಾಳ ಅಂತ ತಿಳಕೊಂಡಿದ್ದೆ.”

“ನಾರೂದು ಖರೇನ ಐತಿ,” ಎಂದಳು ಶಾಂತವ್ವ, ಗೋಡೆಯ ಕಡೆಗೇ ನೋಡುತ್ತ. “ಅದಕ್ಕ ಬಿಟ್ಟಿಲ್ಲ.”

ಹಸೀನಾ ನಕ್ಕುಬಿಟ್ಟಳು. ನಾನು ತುರುಬು ಬಿಚ್ಚಿ ಶಾಂತವ್ವನ ಮುಂದೆ ಕೂತೆ. “ಮೊದಲ ನನಗ ಹಾಕವ್ವಾ. ದಿನಾ ಇಂಥಾ ಮಚ್ಚಿ ಮುಟ್ಟಾಕಿ ನಾ. ನನಗೇನಾಗೇತಿ ನೋಡು.”

ಶಾಂತವ್ವ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ ಬಾಚಣಿಗೆ ಕೂದಲಿಗೆ ತಾಗಿತು. ಮೊದಲು ಸಡಿಲವಾಗಿದ್ದ ಹೆಣಿಗೆ ಬರಬರುತ್ತ ಬಿಗಿಯಾಯಿತು.

“ಆತಿಲ್ರಿ ಬಾಯಾರ?” ಎಂದು ನನ್ನನ್ನು ಕೇಳಿದಳು ಹಸೀನಾ. “ಸರೀರಿ, ನನ್ನ ಪಾಳಿ.”

ಬಾಗಿಲಲ್ಲಿ ನಿಂತಿದ್ದ ಅಪ್ಪ ಮೆಲ್ಲಗೆ ಕೇಳಿದರು: “ಕಲೆ ಹೋಗತೈತೇನ್ರಿ ಬಾಯಾರ?”

“ಅದನ್ನ ನಾ ಹೇಳಾಕ ಬರೂದಿಲ್ರಿ. ಡಾಕ್ಟರಿಗೆ ತೋರಸೂಣು. ಸಾಲಿ ಕಲಿಯಾಕ ಮಾತ್ರ ಏನೂ ಅಡ್ಡಿ ಇಲ್ಲ.”

ಅವರು ಮಗಳ ಕಡೆ ತಿರುಗಿದರು. “ನೀ ಏನಂತೀವಾ?”

ಹಸೀನಾಳ ಬೈತಲೆ ತೆಗೆಯುತ್ತಿದ್ದ ಶಾಂತವ್ವ ತಲೆ ಎತ್ತಲಿಲ್ಲ. “ಪರೀಕ್ಷಾ ಮುಗಿಸೇ ಬರ್ತೇನಪ್ಪಾ.”

ಅವರು ಕಟ್ಟಿಟ್ಟಿದ್ದ ಮಗಳ ಹಾಸಿಗೆಯ ಹಗ್ಗ ಬಿಚ್ಚಿ, ಸಂಜೆಯ ಬಸ್ಸಿಗೆ ಒಬ್ಬರೇ ಹೋದರು.

ಡಾಕ್ಟರರೂ ತೊನ್ನೆಂದೇ ಹೇಳಿ ಹಚ್ಚಿಕೊಳ್ಳಲು ಔಷಧ ಕೊಟ್ಟರು. ಕಲೆ ಪೂರ್ತಿ ಹೋಗಲಿಲ್ಲ. ಶಾಂತವ್ವ ಪಾಸಾದಳು. ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳಲೆಂದೇ ಒಬ್ಬರು ಇರಬೇಕು ಎಂಬ ಮಾತು ಆಗ ನಮ್ಮ ಕಡೆ ಬಂದಿರಲಿಲ್ಲ. ನಾನು ಮಾತ್ರ ಅಂದಿನಿಂದ, ಹತ್ತಿಯ ಡಬ್ಬಿ ಮುಚ್ಚಿದ ಮೇಲೂ ಪರೀಕ್ಷಿಸಿದ ಮಗುವಿನ ಬಳಿ ಒಂದಿಷ್ಟು ಹೊತ್ತು ಕೂರುವುದನ್ನು ರೂಢಿ ಮಾಡಿಕೊಂಡೆ. ರೋಗದ ಹೆಸರು ಹೇಳಿದರೆ ನಮ್ಮ ಕೆಲಸ ಅರ್ಧ ಆಯಿತು, ಅಷ್ಟೇ. ಎದುರಿಗೆ ಕೂತವರು ಯಾರಿಗಾಗಿ ಅಂಜಿದ್ದಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು.