ಗೋಣಿಚೀಲ ಹೊಲಿದ ಬೆರಳು

ನಿನ್ನೆ ಟೀವಿ ರಿಮೋಟಿಗೆ ಸೆಲ್ ಹುಡುಕುತ್ತ ದೊಡ್ಡಮ್ಮನ ಅಡುಗೆಮನೆಯ ಡ್ರಾಯರ್ ಎಳೆದೆ. ನಿಮ್ಮ ಮನೆಯಲ್ಲೂ ಅಂಥದೊಂದು ಡ್ರಾಯರ್ ಇದ್ದೇ ಇರುತ್ತದೆ, ಇಲ್ಲವೆಂದು ವಾದಿಸಬೇಡಿ: ರಬ್ಬರ್ ಬ್ಯಾಂಡು, ಅರ್ಧ ಉರಿದ ಮೇಣದಬತ್ತಿ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಮೂರು ಕೀಲಿಕೈ. ಎಲ್ಲದರ ತಳದಲ್ಲಿ, ಬಟ್ಟೆ ಒಣಹಾಕುವ ಕ್ಲಿಪ್ಪಿನ ದಪ್ಪ ಅಣ್ಣನಂತೆ ಬಾಯಿ ಮುಚ್ಚಿಕೊಂಡು ಕೂತಿತ್ತು ಆಕ್ಸಿಮೀಟರ್. ಬೆರಳು ತೂರಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಕೆಂಪು ಅಂಕಿಯಲ್ಲಿ ಹೇಳುತ್ತಿದ್ದ ಈ ಪುಟ್ಟ ಯಂತ್ರದ ಮುಂದೆ ಆಗ ಇಡೀ ಊರು ಉಸಿರು ಹಿಡಿದು ನಿಲ್ಲುತ್ತಿತ್ತು. ಉಸಿರು ಹಿಡಿಯಬೇಡಿ, ಅದನ್ನು ಅಳೆಯುವುದಕ್ಕೇ ಅಲ್ಲವೆ ಬಂದದ್ದು ಎಂದು ನಾನು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಈ ಯಂತ್ರದ ಎದುರು ನಾನೊಮ್ಮೆ ಸುಳ್ಳುಸಾಕ್ಷಿ ಹೇಳಿದ್ದೇನೆ. ಅದನ್ನು ನಿಮಗೆ ಹೇಳಿಬಿಡುತ್ತೇನೆ, ಆದರೆ ಸ್ವಲ್ಪ ಸುತ್ತಿಕೊಂಡು ಬರುತ್ತೇನೆ. ತಪ್ಪೊಪ್ಪಿಗೆಗೆ ನೇರ ದಾರಿ ಹಿಡಿಯುವವರನ್ನು ನಾನು ಈವರೆಗೆ ಕಂಡಿಲ್ಲ.

ಕೊರೋನಾದ ಎರಡನೇ ಅಲೆಯ ಹೊತ್ತಿಗೆ ಹಾಸ್ಟೆಲ್ ಮುಚ್ಚಿ ಕೊಡ್ಲಿಪೇಟೆ ಕಡೆಯ ನಮ್ಮ ಹಳ್ಳಿಗೆ ಬಂದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಸಣ್ಣ ಹೆಸರಿತ್ತು. ಪರವೋ ವಿರೋಧವೋ ಎಂದು ಚೀಟಿ ಎತ್ತಿದ ಮೇಲೆ ನಿರ್ಧಾರವಾಗುವಂಥ ಪ್ರಾಮಾಣಿಕತೆ ನನ್ನದು. ಸ್ಪರ್ಧೆಗಳೆಲ್ಲ ನಿಂತುಹೋದದ್ದರಿಂದ ಅದಷ್ಟನ್ನೂ ಮನೆಯವರ ಮೇಲೆ ಪ್ರಯೋಗಿಸುತ್ತಿದ್ದೆ. ಪಕ್ಕದ ಮನೆಯೇ ದೊಡ್ಡಮ್ಮನದು. ನಡುವೆ ಕಾಫಿ ಒಣಗಿಸುವ ಕಣ. ದೊಡ್ಡಮ್ಮ ನನ್ನ ಮಟ್ಟದ ಎದುರಾಳಿ. ಅವಳ ವಾಕ್ಯಕ್ಕೆ ಪೂರ್ಣವಿರಾಮವೇ ಇರಲಿಲ್ಲ. ಹಸು ಹಾಲು ಕೊಡದ ವಿಷಯದಿಂದ ಹೊರಟರೆ ನಾದಿನಿಯ ಮದುವೆಯಲ್ಲಿ ಪಾಯಸ ಸೀದದ್ದರವರೆಗೂ ಒಂದೇ ಉಸಿರಿನಲ್ಲಿ ಹೋಗಿ ಮುಟ್ಟುತ್ತಿದ್ದಳು. ಮದುವೆಯಾದಂದಿನಿಂದ ದೊಡ್ಡಪ್ಪ ಮಾತಾಡಲು ಒಂದು ಸಂದು ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ.

ನಮ್ಮ ಡಾಕ್ಟರು ಪೇಟೆಯ ಹಳೇ ಡಾಕ್ಟರು. ಮೂರು ತಲೆಮಾರಿನ ಕೆಮ್ಮು ಅವರಿಗೆ ಪರಿಚಯ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಬೇರೆ. ಅವರ ಹೆಂಡತಿ ಕ್ಲಿನಿಕ್ಕಿಗೆ ಬೀಗ ಹಾಕಿ, ಬೀಗದಕೈ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರಂತೆ. ಅಂದಿನಿಂದ ಡಾಕ್ಟರು ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಫೋನಿನಲ್ಲೇ ರೋಗಿಗಳನ್ನು ನೋಡತೊಡಗಿದರು. ನೋಡುವುದೆಂದರೆ ಕೇಳುವುದು. ನನ್ನ ಮೊದಲ ಆಕ್ಷೇಪವೇ ಅದು.

ನಮ್ಮೂರಿನಲ್ಲಿ ಸಿಗ್ನಲ್ ಸಿಗುತ್ತಿದ್ದುದು ಕಣದ ಮೂಲೆಯ ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಹಾಗಾಗಿ ಹತ್ತು ಗಂಟೆಗೆ ಅದೇ ಕ್ಲಿನಿಕ್ಕು. ಕಾಫಿ ಹರಡುವಾಗ ಎಳೆದ ಗೆರೆಗಳ ಮೇಲೆ ಆರಾರು ಅಡಿ ಬಿಟ್ಟು ಜನ ನಿಲ್ಲುತ್ತಿದ್ದರು. ಫೋನ್ ಸ್ಪೀಕರಿನಲ್ಲಿ, ಹಿಡಿಯುವವಳು ನಾನು. ಗುಟ್ಟು ಎಂಬುದು ಉಳಿಯಲಿಲ್ಲ. ರಾಜಣ್ಣ ತನ್ನ ಹೊಟ್ಟೆನೋವನ್ನು ನಯವಾಗಿ ವರ್ಣಿಸುತ್ತಿದ್ದರೆ ನಾಲ್ಕನೇ ಗೆರೆಯಿಂದ ಅವನ ಹೆಂಡತಿ, "ಡಾಕ್ಟ್ರೇ, ಅದೆಲ್ಲ ಕೇಳ್ಬೇಡಿ, ನೆನ್ನೆ ಅರ್ಧ ಹಲಸಿನಹಣ್ಣು ಒಬ್ರೇ ತಿಂದವ್ರೆ" ಎಂದು ಕೂಗುವಳು. ರೋಗ ಪತ್ತೆಯಾಯಿತು! ಇಡೀ ಸಾಲು ನಗುತ್ತಿತ್ತು, ರಾಜಣ್ಣನೂ ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದ.

ಒಂದು ದಿನ ಸಾಲು ಕರಗಿದ ಮೇಲೆ ನಾನು ಡಾಕ್ಟರನ್ನು ಹಿಡಿದುಕೊಂಡೆ.

"ಡಾಕ್ಟ್ರೇ, ಮುಟ್ಟದೆ, ನೋಡದೆ ಔಷಧಿ ಹೇಳೋದಕ್ಕೂ ಜಾತಕ ಹೇಳೋದಕ್ಕೂ ಏನು ವ್ಯತ್ಯಾಸ?"

"ಜಾತಕ ಹೇಳೋರು ನಾಳೆ ಮತ್ತೆ ಫೋನ್ ಮಾಡಿ, ಹೇಗಿದ್ದೀರ ಹೇಳಿ ಅನ್ನಲ್ಲ ಲಾಯರಮ್ಮ. ನಾನು ಅಂತೀನಿ."

"ಅದು ಉತ್ತರ ಅಲ್ಲ."

"ಸರಿ, ನಾಳೆ ಫೋನ್ ಮಾಡು, ಉತ್ತರ ಹುಡುಕಿಟ್ಟಿರ್ತೀನಿ" ಎಂದು ನಕ್ಕು ಇಟ್ಟರು. ನಾನು ಗೆದ್ದೆನೆಂದು ಬರೆದುಕೊಂಡೆ.

ಆಮೇಲೆ ಜ್ವರ ನಮ್ಮ ಮನೆಗೇ ಬಂತು. ಮೊದಲು ನನಗೆ, ಮೂರು ದಿನದಲ್ಲಿ ಇಳಿಯಿತು. ವಾರದಲ್ಲಿ ದೊಡ್ಡಮ್ಮನಿಗೆ. "ಹಾಸ್ಟೆಲಿಂದ ನೀನೇ ತಂದಿದ್ದು ಕಣಮ್ಮಿ, ಬರೋವಾಗ ಒಂದು ಬಿಸ್ಕತ್ತಿನ ಪೊಟ್ಟಣ ತರ್ಲಿಲ್ಲ, ಇದನ್ನ ತಂದೆ" ಎಂದು ತಮಾಷೆ ಮಾಡಿದಳು. ಸಾಕ್ಷಿ ಇಲ್ಲ ದೊಡ್ಡಮ್ಮ, ಆರೋಪ ಬಿದ್ದುಹೋಗುತ್ತೆ ಎಂದು ನಾನೂ ನಕ್ಕೆ. ಆದರೆ ಆ ರಾತ್ರಿ ನನ್ನ ಜ್ವರದಿಂದ ಅವಳ ಜ್ವರಕ್ಕೆ ಎಷ್ಟು ದಿನವೆಂದು ಬೆರಳು ಮಡಿಸಿ ಎಣಿಸಿದೆ.

ಜ್ವರದ ಆರನೇ ದಿನ ಆಕ್ಸಿಮೀಟರ್ ಎಂಬತ್ತೊಂಬತ್ತು ತೋರಿಸಿತು. ತೊಂಬತ್ತನಾಲ್ಕಕ್ಕಿಂತ ಇಳಿದರೆ ತಕ್ಷಣ ಹೇಳಬೇಕೆಂದು ಡಾಕ್ಟರು ಪ್ರತಿ ಮನೆಗೂ ಪಾಠ ಮಾಡಿದ್ದರು. ನಾನು ತಕ್ಷಣ ಹೇಳಿದೆನೆ? ಇಲ್ಲ, ವಾದಿಸಿದೆ. ಕೈ ತಣ್ಣಗಿದ್ದರೆ ಅಂಕಿ ತಪ್ಪು ಬರುತ್ತದೆಂದು ಎಲ್ಲೋ ಓದಿದ್ದೆ. ಅದು ನಿಜವೂ ಹೌದು. ದೊಡ್ಡಮ್ಮನನ್ನು ಒಲೆಯ ಮುಂದೆ ಕೂರಿಸಿ ಕೈ ಕಾಯಿಸಿದೆ. ತೊಂಬತ್ತು. ಸೆಲ್ ಹಳತಾಗಿದೆ ಎಂದೆ, ಬದಲಾಯಿಸಿದೆ. ಎಂಬತ್ತೊಂಬತ್ತು. ಯಂತ್ರವೇ ಕೆಟ್ಟಿದೆ ಎಂದೆ. ನನ್ನ ಬೆರಳಿಟ್ಟು ನೋಡಿದೆ. ತೊಂಬತ್ತೆಂಟು. ಯಂತ್ರ ಸರಿಯಾಗಿದೆ ಎಂಬುದಕ್ಕೆ ಅದಕ್ಕಿಂತ ಪುರಾವೆ ಬೇಕೆ? ಅನುಮಾನವಾದಿ ಎಂದು ಹೆಮ್ಮೆಪಟ್ಟುಕೊಳ್ಳುತ್ತಿದ್ದವಳು ನಾನು. ಅವತ್ತು ಎಲ್ಲವನ್ನೂ ಅನುಮಾನಿಸಿದೆ, ನನ್ನ ಭಯವೊಂದನ್ನು ಬಿಟ್ಟು. ಆ ಅಂಕಿ ನಿಜವಾದರೆ ಬಿಸ್ಕತ್ತಿನ ತಮಾಷೆಯೂ ನಿಜವಾಗುತ್ತಿತ್ತು.

ದೊಡ್ಡಮ್ಮ ಮಾತ್ರ ನನ್ನ ಬೆರಳಿನ ತೊಂಬತ್ತೆಂಟನ್ನೇ ಆಸೆಯಿಂದ ನೋಡುತ್ತಿದ್ದಳು.

"ಇದ್ರ ಫೋಟೋನೇ ಡಾಕ್ಟ್ರಿಗೆ ಕಳ್ಸು."

"ಇದು ನಂದು ದೊಡ್ಡಮ್ಮ."

"ಗೊತ್ತು ಕಣೆ. ನೀನೇನು ಹೊರಗಿನೋಳಾ? ಆಸ್ಪತ್ರೆಗೆ ಕರ್ಕಂಡೋದ್ರೆ... ಮಾತಾಡ್ಸಕ್ಕೆ ಒಂದು ನರಪಿಳ್ಳೆ ಇರಲ್ವಂತೆ. ಮುಖ ಸೈತ ಕಾಣಲ್ವಂತೆ. ನಾನು ಕಾಯ್ಲೆಗೆ ಸಾಯಲ್ಲ... ಬಾಯಿ ಮುಚ್ಕಂಡಿದ್ದೇ ಸಾಯ್ತೀನಿ."

ಆ ವಾಕ್ಯದ ನಡುವೆ ಅವಳು ಎರಡು ಸಲ ನಿಂತಳು. ನಾನು ಗಮನಿಸಲಿಲ್ಲ. ನಾನು ಯಾವಾಗಲೂ ಮಾತಿನ ಅರ್ಥವನ್ನಷ್ಟೇ ಕೇಳುತ್ತಿದ್ದೆ, ಹೇಗೆ ಖಂಡಿಸಲಿ ಎಂದು. ಮಾತಾಡುವವರನ್ನು ಕೇಳುವ ಅಭ್ಯಾಸ ಇರಲಿಲ್ಲ. ದೊಡ್ಡಪ್ಪ ಡೈರಿಗೆ ಹಾಲು ಹಾಕಲು ಹೋಗಿದ್ದರು. ನಾನು ನನ್ನ ಬೆರಳಿನ ಫೋಟೋ ತೆಗೆದು ಟ್ಯಾಂಕಿನ ಪಕ್ಕ ನಿಂತು ಕಳಿಸಿಬಿಟ್ಟೆ.

ಎರಡೇ ನಿಮಿಷಕ್ಕೆ ಡಾಕ್ಟರ ಫೋನು. ದೊಡ್ಡಮ್ಮನಿಗೆ ಅಲ್ಲೇ ಕುರ್ಚಿ ಹಾಕಿ ಕೂರಿಸಿದೆ.

"ಹೇಗಿದ್ದೀರ ಸರೋಜಮ್ನೋರೆ?"

"ಚೆನ್ನಾಗಿದೀನಿ ಡಾಕ್ಟ್ರೇ, ನಿಮ್ದು ತಿಂಡಿ ಆಯ್ತಾ?"

"ಆಗಿಲ್ಲ ನೋಡಿ. ನಮ್ಮನೇವ್ರು ಕಡುಬು ಮಾಡಕ್ಕೆ ಹೋಗಿ ಕಲ್ಲು ಮಾಡಿಟ್ಟಿದಾರೆ. ನೀವು ಹೆಂಗ್ಮಾಡ್ತೀರ, ಸ್ವಲ್ಪ ಹೇಳಿ."

ಜನ ಸಾಯುತ್ತಿರುವ ಕಾಲದಲ್ಲಿ ಕಡುಬಿನ ವಿಚಾರ! ನಾನು ಹುಬ್ಬು ಗಂಟಿಕ್ಕಿದೆ. ದೊಡ್ಡಮ್ಮನಿಗೋ ಹಬ್ಬ.

"ಅಕ್ಕಿ ತರಿ... ಹುರೀಬಾರ್ದು. ನೀರು ಕುದಿಯೋವಾಗ... ಉಪ್ಪು ಹಾಕಿ... ತರಿ..."

ಅಲ್ಲಿಗೆ ನಿಂತಿತು. ಕಡುಬಿನ ತರಿ ನೀರಿಗೆ ಬೀಳಲೇ ಇಲ್ಲ. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಕಡುಬು ಬೆಂದು, ಬಡಿಸಿ, ತಿಂದವರ ವಿಮರ್ಶೆಯೂ ಮುಗಿದಿರುತ್ತಿತ್ತು. ಡಾಕ್ಟರು ಆ ಕಡೆ ಸುಮ್ಮನಿದ್ದರು. ಆ ಮೌನದಲ್ಲಿ ನನಗೂ ಮೊದಲ ಸಲ ಅವಳ ಉಸಿರು ಕೇಳಿಸಿತು, ಏಣಿ ಹತ್ತಿ ಬಂದವಳ ಉಸಿರು. ಕೂತಿದ್ದಳಲ್ಲ, ಕುರ್ಚಿಯಲ್ಲಿ!

"ಲಾಯರಮ್ಮ," ಎಂದರು ಡಾಕ್ಟರು. ದನಿ ಬದಲಾಗಿತ್ತು. "ಫೋಟೋದಲ್ಲಿ ನಾನು ಗೋಣಿಚೀಲ ಹೊಲಿದ ಬೆರಳು ಎಲ್ಲಿ?"

ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ನಾನು ಚಿಕ್ಕವಳಿದ್ದಾಗ ದೊಡ್ಡಮ್ಮ ತೋಟದಲ್ಲಿ ಕತ್ತಿಯಿಂದ ತೋರುಬೆರಳಿನ ಗೆಣ್ಣು ಕೊಯ್ದುಕೊಂಡಿದ್ದಳು. ಡಾಕ್ಟರು ಹೊಲಿಗೆ ಹಾಕುತ್ತಿದ್ದಾಗ ನೋವಿಗೆ ಅಳುವ ಬದಲು, "ಏನ್ ಡಾಕ್ಟ್ರೇ, ಗೋಣಿಚೀಲ ಹೊಲ್ದಂಗೆ ಹೊಲೀತೀರಲ್ಲ, ಹತ್ರ ಹತ್ರ ಹಾಕಿ" ಎಂದು ಕಲಿಸಿಕೊಟ್ಟಿದ್ದಳಂತೆ. ಆ ಬೆರಳು ಇವತ್ತಿಗೂ ಗೆಣ್ಣಿನ ಹತ್ತಿರ ಸೊಟ್ಟ. ನನ್ನ ಬೆರಳೋ, ಸೌತೆಕಾಯಿಯಂತೆ ನೆಟ್ಟಗೆ. ಸಾಕ್ಷ್ಯ ತಯಾರಿಸುವಾಗ ಇಷ್ಟನ್ನು ಯೋಚಿಸದವಳು ಯಾವ ಚರ್ಚಾಪಟು?

ಬಾಯಿ ತೆರೆದೆ. "ನಂದು ಡಾಕ್ಟ್ರೇ. ದೊಡ್ಡಮ್ಮಂದು ಎಂಬತ್ತೊಂಬತ್ತು" ಎಂದೆ.

"ಯಾವಾಗಿಂದ?"

"ಬೆಳಿಗ್ಗೆಯಿಂದ."

ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಬೋರಲು ಮಲಗಿಸು, ಜೀಪ್ ತರಿಸು, ನಾನು ಆಸ್ಪತ್ರೆಗೆ ಹೇಳಿಡ್ತೀನಿ ಎಂದರು. ಆಮೇಲೆ ದೊಡ್ಡಮ್ಮನಿಗೆ, "ಸರೋಜಮ್ನೋರೆ, ಫೋನ್ ಜೊತೇಲಿಟ್ಕೊಳ್ಳಿ. ದಿನಾ ಹತ್ತು ಗಂಟೆಗೆ ನಾನೇ ಮಾಡ್ತೀನಿ. ಕಡುಬು ಅರ್ಧಕ್ಕೆ ನಿಂತಿದೆ."

ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಬಂದ ದೊಡ್ಡಪ್ಪ ಏನೂ ಕೇಳದೆ ಜೀಪ್ ಹತ್ತಿದರು. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ನನ್ನನ್ನು ನೋಡಿ, "ಹೇಳ್ಕೊಟ್ಬಿಟ್ಯಲ್ಲೇ" ಎಂದಳು. ಆ ಒಂದು ಪದಕ್ಕೇ ಅವಳ ಉಸಿರು ಮುಗಿದುಹೋಗಿತ್ತು.

ಒಂಬತ್ತು ದಿನ ಅವಳು ಅಲ್ಲಿದ್ದಳು. ಡಾಕ್ಟರು ಮಾತು ತಪ್ಪಲಿಲ್ಲ. ಹತ್ತು ಗಂಟೆಗೆ ಮೊದಲ ಫೋನು ಅವಳಿಗೇ, ಕಣದ ಸಾಲು ಕಾಯುತ್ತಿತ್ತು. ಹನ್ನೊಂದಕ್ಕೆ ನನಗೆ ವರದಿ ಬರುತ್ತಿತ್ತು. ಮೊದಲ ದಿನ ತರಿ ನೀರಿಗೆ ಬಿತ್ತು. ನಾಲ್ಕನೇ ದಿನ ಮುದ್ದೆ ಕಟ್ಟಿತು. ಏಳನೇ ದಿನ ಡಾಕ್ಟರು ನಗುತ್ತ, "ಇವತ್ತು ಕಡುಬು ಬೆಂದು, ಚಟ್ನಿಗೆ ಹೋದ್ರು, ಚಟ್ನಿಯಿಂದ ನಿಮ್ಮಪ್ಪನ ಮದುವೆಗೆ ಹೋದ್ರು. ಒಂದೇ ಉಸಿರು. ಇನ್ನು ಯೋಚ್ನೆ ಇಲ್ಲ" ಎಂದರು. ಮುಟ್ಟದೆ, ನೋಡದೆ. ನನ್ನ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿತ್ತು. ಅದನ್ನು ನೆನಪಿಸುವ ಸಣ್ಣತನ ಅವರು ತೋರಲಿಲ್ಲ, ಅಂದರೆ ನೆನಪಿಸದಿರುವ ದೊಡ್ಡತನ ತೋರಿದರು.

ಡ್ರಾಯರಿನ ಮುಂದೆ ನಿಂತು ಇದೆಲ್ಲ ನೆನೆಯುತ್ತಿದ್ದಾಗ ಹಜಾರದಿಂದ ದೊಡ್ಡಮ್ಮನ ದನಿ. ರಾಜಣ್ಣನ ಮನೆಗೆ ಹೊಸದಾಗಿ ಬಂದ ಸೊಸೆಗೆ ಕಾಫಿ ಕೊಟ್ಟು ಕೂರಿಸಿಕೊಂಡು ಹೇಳುತ್ತಿದ್ದಳು: "ನಾನೇನೂ ಇಲ್ಲ ಅಂತ ಸುಮ್ನಿದ್ರೆ ನಮ್ಮ ಈ ಹುಡುಗಿ ಇದಾಳಲ್ಲ ಅವಳೇ ಉಸಿರು ನೋಡಿ ಕಂಡುಹಿಡ್ದು ಡಾಕ್ಟ್ರಿಗೆ ಫೋನ್ ಮಾಡಿ ಜೀಪ್ ತರ್ಸಿ ನನ್ನ ಕಳ್ಸಿದ್ದಕ್ಕೆ ಇವತ್ತು ನಿಂಗೆ ಕಾಫಿ ಕೊಡಕ್ಕೆ ಇದೀನಿ ಕಣವ್ವ ಸಕ್ಕರೆ ಸಾಕಾ ಇನ್ನೊಂಚೂರು ಹಾಕ್ಲಾ..."

ಶುದ್ಧ ಸುಳ್ಳು. ಪ್ರತಿ ಪದಕ್ಕೂ ನನ್ನ ಹತ್ತಿರ ಖಂಡನೆ ಇತ್ತು. ಬಾಗಿಲಿಗೆ ಬಂದು ಬಾಯಿ ತೆರೆದೆ. ಆದರೆ ಕಿವಿ ಬೇರೆಯದೇ ಲೆಕ್ಕ ಹಿಡಿದಿತ್ತು: ದೊಡ್ಡಮ್ಮ ಉಸಿರಿಗೆಂದು ಜೀಪಿನ ಹತ್ತಿರ ನಿಲ್ಲಲಿಲ್ಲ, ಸಕ್ಕರೆಯ ಹತ್ತಿರವೂ ನಿಲ್ಲಲಿಲ್ಲ.

"ಏನಮ್ಮಿ, ಏನೋ ಹೇಳಕ್ಕೆ ಬಂದಂಗಿತ್ತು?"

"ಏನಿಲ್ಲ ದೊಡ್ಡಮ್ಮ," ಎಂದೆ, "ನೀನು ಹೇಳು."