ಲಿಂಗರಾಜುವಿನ ಬಾಯಾರಿಕೆ

ಮ್ಯಾನೇಜ್‌ಮೆಂಟ್ ಅಕೌಂಟಿಂಗ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನಮ್ಮ ಲಿಂಗರಾಜುವನ್ನು ಬಿಳಿಕೆರೆಯ ಬಸ್‌ಸ್ಟಾಪಿನಲ್ಲಿ ಬಸ್ಸು ಯಾಕೆ ತಡ ಎಂದು ಕೇಳಬಾರದು; "ಸರ್ವೆ ಮಾಡಿ ಹೇಳ್ಲಾ, ಡ್ರೈವರ್ ಪಕ್ಕ ಕೂತು ನೋಡಿ ಹೇಳ್ಲಾ? ಮೊದ್ಲು ವಿಧಾನ ತೀರ್ಮಾನ ಆಗ್ಲಿ ಕಣೋ" ಎನ್ನುತ್ತಾನೆ. ವಿಧಾನ ತೀರ್ಮಾನವಾಗುವಷ್ಟರಲ್ಲಿ ಬಸ್ಸು ಬಂದು ಹೋಗಿರುತ್ತದೆ. ಬೇಸಾಯದ ಮನೆಗಳು ಖರ್ಚು ನೋಡಿ ಹೇಗೆ ತೀರ್ಮಾನ ಮಾಡುತ್ತವೆ ಎಂಬುದು ಅವನ ವಿಷಯ. ಪ್ರಶ್ನಾವಳಿ ಹಂಚಿ ಬಂದರೆ ಸಾಕು ಎಂದ ಗೈಡಿಗೇ "ಜಗಲಿ ಮೇಲೆ ಕೂರ್ದೆ ಏನೂ ತಿಳಿಯಲ್ಲ ಸಾರ್" ಎಂದು ಪಾಠ ಹೇಳಿ ಬಂದ ಭೂಪ. ಯಾವ ಮನೆಗೆ ಹೋದರೂ ಮೊದಲು ನೀರು ಕೇಳಿ ಒಂದು ಚೊಂಬು ಗಟಗಟ ಕುಡಿಯುತ್ತಾನೆ, ಪ್ರಶ್ನೆ ಆಮೇಲೆ. ಸುರಿಯುವ ಮಳೆಯಲ್ಲೂ ಇದೆಂಥ ದಾಹವಯ್ಯಾ ಎಂದು ನಾವು ನಗುತ್ತಿದ್ದೆವು. ಮೊದಲು ಹೀಗಿರಲಿಲ್ಲವಂತೆ. ರಾವಂದೂರಿನ ಹತ್ತಿರ ಮಲ್ಲಾಜಮ್ಮ ಎಂಬಾಕೆ ತಾನಾಗಿಯೇ ನೀರು ತರುತ್ತಿದ್ದಾಗ ಇವನು ಖರ್ಚು ಕೇಳುವ ಉತ್ಸಾಹದಲ್ಲಿ "ನಿಮ್ ಕಾಸ್ಟ್ ಹೇಳ್ಬುಡ್ರಮ್ಮ" ಎಂದನಂತೆ. ಆಕೆಗೆ ಅದು ಜಾತಿಯ ಪ್ರಶ್ನೆಯಾಗಿ ಕೇಳಿಸಿತು. ಚೊಂಬನ್ನು ಸೆರಗಿನ ಮರೆಗೆ ಎಳೆದುಕೊಂಡು, "ಗೊತ್ತಾಗ್ನಿಲ್ಲ ಬುದ್ಧಿ, ಕುಡ್ಯಕ್ಕೆ ತಂದ್ಬುಟ್ಟೆ" ಎಂದಳಂತೆ.