ಲೋಕೇಶಣ್ಣನ ಪಾಲು

ಗೆಳೆಯರೇ, ಇವತ್ತು ನಾನು ಬರೆದುಕೊಟ್ಟ ಪತ್ರ ಓದಿದರೆ ನೀವು ನನಗೆ ಉಗಿಯುತ್ತೀರಿ.

ಬೋಳಾರದ ನಮ್ಮ ಪಕ್ಕದ ಮನೆಯ ಲೋಕೇಶಣ್ಣ ಮೀನಿನ ಬೋಟಿನಲ್ಲಿ ಬಿದ್ದು ಬೆನ್ನು ಮುರಿದುಕೊಂಡು ಮಲಗಿದ್ದಾರೆ. ದುಡಿಮೆ ನಿಂತಿತೆಂದು ಬ್ಯಾಂಕಿನವರು ಅವರ ಸಾಲದ ಬಡ್ಡಿ ಬಿಟ್ಟು, ಕಂತನ್ನೂ ಸದ್ಯಕ್ಕೆ ನಿಲ್ಲಿಸಿದ್ದರು. ಇವತ್ತು ಅವರ ಹೆಂಡತಿ ಸುನೀತಕ್ಕನನ್ನು ಕರೆಸಿ, ಆ ರಿಯಾಯಿತಿ ರದ್ದು ಎಂದರು. ಜೊತೆಗೆ ನಾನೂ ಹೋಗಿದ್ದೆ.

"ಬೋಟಿನವರಿಂದ ಅಕೌಂಟಿಗೆ ಹಣ ಬರ್ತಾ ಉಂಟಲ್ಲ?" ಎಂದರು ಮ್ಯಾನೇಜರ್.

"ಅದು ಸಂಬಳ ಅಲ್ಲ ಸರ್. ಪೆಟ್ಟಾಗಿ ಮನೆಯಲ್ಲಿ ಇರುವವರಿಗೂ ಬೋಟಿನ ಜೊತೆಗಾರರು ಮೀನಿನ ಹಣದಲ್ಲಿ ಒಂದು ಪಾಲು ತೆಗೆದಿಡ್ತಾರೆ. ಇವರಿಗೆ ಎದ್ದು ಕೂರ್ಲಿಕ್ಕೂ ಆಗುದಿಲ್ಲ," ಎಂದರು ಸುನೀತಕ್ಕ.

"ಎಂತ ಮಾಡುದು ಅಮ್ಮ, ಸಿಸ್ಟಮ್‌ಗೆ ಅದು ಆದಾಯವೇ. ಇನ್ನು ಕೊಡುದಿಲ್ಲ ಅಂತ ಅವರಿಂದ ಬರೆಸಿಕೊಂಡು ಬನ್ನಿ."

ಬೋಟುಗಳು ನಿಲ್ಲುವ ದಕ್ಕೆಗೆ ಹೋಗಿ ಪತ್ರವನ್ನು ನಾನೇ ಬರೆದೆ. ಬೋಟಿನ ಏಳು ಜನ ಸಹಿ ಹಾಕಿದರು. ಕೊನೆಯವರು ಪೆನ್ನು ವಾಪಸ್ ಕೊಡುತ್ತಾ ಕೇಳಿದರು: "ಮೀನು ಕೊಡಬಹುದಾ ಮಾರಾಯ್ರೆ, ಅದಕ್ಕೂ ಬ್ಯಾಂಕಿನಲ್ಲಿ ಕೇಳಬೇಕಾ?"

ರಿಯಾಯಿತಿ ಉಳಿಯಿತು. ಲೋಕೇಶಣ್ಣನಿಗೆ ಯಾರೂ ದಿಕ್ಕಿಲ್ಲ ಎಂಬುದಕ್ಕೆ ಈಗ ಏಳು ಸ್ನೇಹಿತರ ಸಹಿ ಇದೆ.